ನಲವತ್ತೆರಡು ಹಾಳೆಯ ದಸರಾ

ದಸರೆಗೆ ಮುಂಚೆ ಮನೆಯ ಮೂಲೆಮೂಲೆ ಜಾಡಿಸುವುದು ನನಗೆ ತವರಿನಿಂದ ಬಂದ ರೂಢಿ. ಈ ಸಲ ಕಪಾಟಿನ ಮೇಲಿನ ಸೂಟ್‌ಕೇಸು ಇಳಿಸುವಾಗ ಅದರ ಹಿಂದಿನಿಂದ ಮಗಳ ಹಳೆಯ ಹಲಗೆ ಜಾರಿ ಕೈಗೆ ಬಂತು. ಹಲಗೆ ಅಂತ ನಾನು ಕರೆಯುವುದು. ಟಿವಿಯಂಥ ಗಾಜಿನ ಮೇಲೆ ವಿಶೇಷ ಪೆನ್ನಿನಿಂದ ಗೀಚಿದರೆ ಅಲ್ಲೇ ಚಿತ್ರ ಮೂಡುವ ಯಂತ್ರ ಅದು. ಈಗ ಏನೂ ಮೂಡುವುದಿಲ್ಲ. ವೈರು ಸಿಗಿಸುವ ತೂತಿನ ಸುತ್ತ ಒಂದು ಹಳದಿ ಕಲೆ ಉಳಿದಿದೆ. ಮೂಗಿನ ಹತ್ತಿರ ಹಿಡಿದೆ. ಎರಡು ವರ್ಷವಾದರೂ ಗಂಧದ ವಾಸನೆ ಹೋಗಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಒಣಗಿದ ಗಂಧಕ್ಕೆ ಬೇರೆಯದೇ ಒಂದು ವಾಸನೆ. ಅದು ನನಗೆ ಗೊತ್ತು, ಯಾಕೆಂದರೆ ಅದನ್ನು ಅಲ್ಲಿ ಹಚ್ಚಿದವಳು ನಾನೇ.

ನಾವು ಬಾಗಲಕೋಟೆ ಕಡೆಯವರು. ನಮ್ಮವರಿಗೆ ಇಲ್ಲಿ ದೋಹಾದ ಕಟ್ಟಡ ಕಂಪನಿಯಲ್ಲಿ, ಕಾಂಕ್ರೀಟು ಅಲುಗದಂತೆ ಆಸರೆ ಕಟ್ಟಿಸುವ ಸೆಂಟ್ರಿಂಗ್ ಸೂಪರ್‌ವೈಸರ್ ಕೆಲಸ, ನಮಗೆ ಅಲ್ ಹಿಲಾಲ್ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಒಬ್ಬಳೇ ಮಗಳು, ಸಹನಾ. ದೋಹಾಕ್ಕೆ ಬಂದಾಗ ಅವಳು ಒಂದನೇ ಇಯತ್ತೆ. ಅದೇ ವರ್ಷ ಟಿವಿಯಲ್ಲಿ ಒಂದು ಜಪಾನಿ ಕಾರ್ಟೂನ್ ಶುರುವಾಗಿತ್ತು. ದೋಣಿಗೆ ಹುಟ್ಟು ಹಾಕುವ ಕೋಲನ್ನೇ ಕತ್ತಿಯ ಹಾಗೆ ಬೀಸಿ ಹೊಡೆದಾಡುವ ದೋಣಿ ಹುಡುಗಿಯ ಕತೆ. ಶಾಲೆಯಿಂದ ಬಂದು ಬೂಟು ಬಿಚ್ಚುವ ಮೊದಲೇ ಸಹನಾ ಅದರ ಮುಂದೆ ಕೂರುತ್ತಿದ್ದಳು. ನೂರಾರು ಕಂತು ಬಂದವು, ಇನ್ನೂ ಬರುತ್ತಿವೆ. ನನ್ನ ಮಗಳು ಹತ್ತನೆಯದು ಮುಗಿಸಿದಳು, ಡಿಗ್ರಿ ಮುಗಿಸಿದಳು. ಆ ದೋಣಿಯವಳಿಗೆ ಮಾತ್ರ ಹದಿನಾರು ದಾಟಲಿಲ್ಲ.

ಡಿಗ್ರಿ ಮುಗಿದ ಮೇಲೆ ಸಹನಾ ಮನೆಯಲ್ಲೇ ಕೂತು ಚಿತ್ರ ಬರೆದು, ಅವನ್ನು ಕುಣಿಯುವಂತೆ ಮಾಡಿ, ಇಂಟರ್ನೆಟ್ಟಿಗೆ ಹಾಕುತ್ತಿದ್ದಳು. ಒಂದು ದಿನ ಜಪಾನಿನಿಂದ ಪತ್ರ ಬಂತು. ಅದೇ ದೋಣಿ ಹುಡುಗಿಯ ಕತೆಯನ್ನು ದೊಡ್ಡ ಹೊಡೆದಾಟದ ಸಿನಿಮಾ ಮಾಡುತ್ತಿದ್ದೇವೆ, ಕೈ ಸಾಲುತ್ತಿಲ್ಲ, ನೀವು ಸ್ವಲ್ಪ ಭಾಗ ಬರೆದು ಕೊಡುತ್ತೀರಾ ಅಂತ.

"ಫ್ರಾಡ್ ಇರತೈತಿ," ಅಂದರು ಇವರು. "ಓಟಿಪಿ ಕೇಳಿದ್ರ ಕೊಡಬ್ಯಾಡ."

ಓಟಿಪಿ ಕೇಳಲಿಲ್ಲ. ಹನ್ನೊಂದು ಕಟ್ ಕೊಟ್ಟರು. ಕಟ್ ಅಂದರೆ ಏನೆಂದು ಅವಳು ನನಗೆ ಬೇಳೆ ಆರಿಸುತ್ತ ಕೂತಾಗ ಹೇಳಿದಳು. ಸಿನಿಮಾವನ್ನು ಸಾವಿರಾರು ತುಂಡು ಮಾಡಿ ಒಬ್ಬೊಬ್ಬರಿಗೆ ಹಂಚುತ್ತಾರೆ. ಒಂದೊಂದು ತುಂಡು ನಾಲ್ಕೈದು ಸೆಕೆಂಡು ಇದ್ದರೆ ಹೆಚ್ಚು. ಅಷ್ಟಕ್ಕೇ ಹತ್ತಾರು ಚಿತ್ರ. ಇವಳು ಬರೆದು ಕಳಿಸಿದ್ದನ್ನು ಅಲ್ಲಿಯ ಹಿರಿಯ ಕಲಾವಿದರು ನೋಡಿ, ತಪ್ಪಿದ್ದರೆ ಹಳದಿ ಹಾಳೆಯ ಮೇಲೆ ತಿದ್ದಿ ಕಳಿಸುತ್ತಾರೆ. ಎಲ್ಲಾ ಸರಿಹೋದರೆ ಸಿನಿಮಾದ ಕೊನೆಯಲ್ಲಿ ಹೆಸರು ಬರುತ್ತದೆ.

ಇವರಿಗೆ ಅದು ಸಮಾಧಾನ ತರಲಿಲ್ಲ. ತಮ್ಮ ಕಂಪನಿಯಲ್ಲೇ ಮಗಳಿಗೊಂದು ಕೆಲಸ ಕೇಳಿಟ್ಟಿದ್ದರು. ಡಾಕ್ಯುಮೆಂಟ್ ಕಂಟ್ರೋಲರ್, ಅಂದರೆ ಡ್ರಾಯಿಂಗುಗಳ ಕಡತ ನೋಡಿಕೊಳ್ಳುವುದು. "ದಸರಾ ತನಕ ನಿನ್ನ ಜಪಾನ್," ಅಂದರು. "ಅವ್ರು ಕೊಟ್ಟಿದ್ದೆಲ್ಲಾ ಹಬ್ಬದ ವಾರದಾಗ ಮುಗಿಸಿ, ಅವ್ರು ಮುಂದಿನ ಕೆಲಸ ಕೊಟ್ರ ನಾ ಏನೂ ಅನ್ನೂದಿಲ್ಲ. ಇಲ್ಲಂದ್ರ ಹಬ್ಬದ ಮುಂದಿನ ಭಾನುವಾರ ನನ್ನ ಜೋಡಿ ಆಫೀಸಿಗೆ." ಇಲ್ಲಿ ರಜೆ ಶುಕ್ರವಾರ, ವಾರದ ಕೆಲಸ ಶುರುವಾಗುವುದು ಭಾನುವಾರ.

"ಓಕೆ ಅಪ್ಪಾಜಿ, ಡೀಲ್," ಅಂದಳು ಇವಳು. ಕೈ ಬೇರೆ ಕುಲುಕಿದಳು.

ಆ ಬೇಸಿಗೆ ನಮ್ಮ ಮನೆ ಜಪಾನಿನ ಗಡಿಯಾರಕ್ಕೆ ಹೊಂದಿಕೊಂಡಿತು. ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಕಚೇರಿ ತೆರೆದರೆ ಇಲ್ಲಿ ನಾಲ್ಕು. ನಾಲ್ಕಕ್ಕೆ ಏಳುವುದು ನನಗೆ ಹೊಸದಲ್ಲ, ಸ್ನಾನ ಮಾಡಿ ದೀಪ ಹಚ್ಚುವ ಹೊತ್ತು. ಈಗ ಜೊತೆಗೆ ಮಗಳೂ ಎದ್ದಿರುತ್ತಿದ್ದಳು. ಹೊರಗೆ ಮಸೀದಿಯ ಬಾಂಗು, ಒಳಗೆ ನನ್ನ ಗಂಟೆ, ಪಕ್ಕದ ಕೋಣೆಯಲ್ಲಿ ಅವಳ ಪೆನ್ನಿನ ಸರಸರ. ಬೆಳಗಿನ ಚಹಾಕ್ಕೆ ಜೊತೆ ಸಿಕ್ಕಿತಲ್ಲ ಎಂದು ದೇವರಿಗೆ ಒಂದು ನಮಸ್ಕಾರ ಹೆಚ್ಚೇ ಹಾಕುತ್ತಿದ್ದೆ. ಆಗಸ್ಟಿನಲ್ಲಿ ಕಿಟಕಿಯ ಗಾಜು ಹೊರಗಿನಿಂದ ಬೆವೆತು ನೀರಿಳಿಯುತ್ತಿತ್ತು. ಎದುರಿನ ಕಟ್ಟಡ ಕೂಡ ಕಾಣುತ್ತಿರಲಿಲ್ಲ.

ಹತ್ತು ಕಟ್ ಹೇಗೋ ಸಾಗಿದವು. ಅವುಗಳಲ್ಲಿ ಮೂರನ್ನು ಹಿರಿಯರು ಪೂರ್ತಿ ತಾವೇ ಬರೆದುಕೊಂಡರಂತೆ; ಇವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹನ್ನೊಂದನೆಯದು ಎಲ್ಲಕ್ಕಿಂತ ಕಷ್ಟದ್ದು. ಹೊಡೆದಾಟದಲ್ಲಿ ಹುಡುಗಿ ನೀರಿಗೆ ಬೀಳುತ್ತಾಳೆ. ಅವಳಿಗೆ ಕೋಲು ಬೀಸಲು ಕಲಿಸಿದ ಮುದುಕಿ ಬಗ್ಗಿ ಅವಳನ್ನು ದೋಣಿಗೆ ಎತ್ತಿಕೊಳ್ಳುತ್ತಾಳೆ. ಅಷ್ಟೇ. ನಲವತ್ತೆರಡು ಚಿತ್ರ. ಎರಡು ಸಲ ಕಳಿಸಿದಳು, ಎರಡು ಸಲವೂ ಹಳದಿ ಹಾಳೆಯ ಮೇಲೆ ಒಂದೇ ಮಾತು ಬಂತು: ಭಾರ ಕಾಣುತ್ತಿಲ್ಲ.

"ಹುಡುಗಿ ತೂಕಾನ ಇಲ್ಲದಂಗ ಬರಾಕತ್ತಾಳ, ಅವ್ವಾ. ಬಲೂನ್ ಎತ್ತಿದಂಗ."

ಆ ಹೊತ್ತಿಗೆ ಸರಿಯಾಗಿ ಅಂಗಡಿಯವನು ಇಪ್ಪತ್ತು ಕಿಲೋ ಅಕ್ಕಿ ಚೀಲ ಬಾಗಿಲಲ್ಲಿಟ್ಟು ಹೋದ. ನಾನು ಎತ್ತಿ ಅಡುಗೆಮನೆಯ ಕಟ್ಟೆಗೆ ಇಟ್ಟೆ. ತಿರುಗಿ ನೋಡಿದರೆ ಮಗಳು ನನ್ನನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಾಳೆ.

"ಅವ್ವಾ, ಪ್ಲೀಸ್, ಇನ್ನೊಮ್ಮೆ. ಚೀಲ ಕೆಳಗ ಇಟ್ಟು ಎತ್ತು."

"ಹುಚ್ಚು ಹಿಡದೈತೇನ ನಿನಗ? ನನ್ನ ಸೊಂಟ ಏನ ಭಾರ ಎತ್ತೂ ಸೆಂಟ್ರಿಂಗ್ ಜ್ಯಾಕ್ ಅಂತ ತಿಳದೀಯೇನು?"

ಏಳು ಸಲ ಎತ್ತಿಸಿದಳು. ಮೊಬೈಲಿನಲ್ಲಿ ಹಿಡಿದು ನಿಧಾನ ಮಾಡಿ ತೋರಿಸಿದಳು. ನನಗೇ ಗೊತ್ತಿರಲಿಲ್ಲ: ಎತ್ತುವ ಮೊದಲು ನಾನು ಸೆರಗು ಎಳೆದು ಎಡಸೊಂಟಕ್ಕೆ ಸಿಗಿಸುತ್ತೇನೆ, ಬಲಗಾಲನ್ನು ಅರ್ಧ ಗೇಣು ಹಿಂದೆ ಸರಿಸುತ್ತೇನೆ, ಆಮೇಲೆ ಒಂದು ಉಸಿರು ನಿಲ್ಲುತ್ತೇನೆ. ಎತ್ತುವುದು ಆಮೇಲೆ. "ಅವ್ವಾ, ಭಾರ ಇರೂದು ಎತ್ತೂದ್ರಾಗ ಅಲ್ಲ, ಅದರ ಮುಂಚೆ," ಅಂದಳು. ಅವಳ ಮುಖ ನೋಡಿ ನನಗೆ ಸೊಂಟ ನೋವು ಮರೆತುಹೋಯಿತು. ಇದೂ ದೇವರು ಕೊಟ್ಟದ್ದೇ ಅಂದುಕೊಂಡೆ.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಕಡೆ ಘಟ್ಟ ಹಾಕುತ್ತೇವೆ. ತಟ್ಟೆಯಲ್ಲಿ ಮಣ್ಣು ಹರಡಿ, ಗೋಧಿ ಜೋಳ ಬಿತ್ತಿ, ನಡುವೆ ಕಲಶವಿಟ್ಟು, ಒಂಬತ್ತು ದಿನ ಆರದಂತೆ ದೀಪ ಕಾಯಬೇಕು. ದೀಪಕ್ಕೆ ಗಾಳಿ ತಾಗಬಾರದೆಂದು ಹಾಲಿನ ಏಸಿ ಬಂದ್. ಪಾಪ, ಮನೆಮಂದಿಯೆಲ್ಲ ಬೆವರಿದರೂ ಯಾರೂ ಗೊಣಗಲಿಲ್ಲ. ಒಂಬತ್ತನೆಯ ದಿನ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಆ ವರ್ಷ ಅದು ಮಂಗಳವಾರ ಬಿತ್ತು. ಹನ್ನೊಂದನೆಯ ಕಟ್ ಮುಟ್ಟಿಸಬೇಕಾದದ್ದು ಶನಿವಾರ.

ಇವರು ಸೈಟಿಗೆ ಹೋದ ಮೇಲೆ ಪೂಜೆಗೆ ಎಲ್ಲವನ್ನೂ ಜೋಡಿಸಿದೆ. ಇವರ ಹಳೇ ಟೇಪು, ಹೆಲ್ಮೆಟ್ಟು, ನನ್ನ ಈಳಿಗೆ, ಮಿಕ್ಸಿ, ಹೊಲಿಗೆ ಯಂತ್ರ. ಸಹನಾ ನಾಲ್ಕರಿಂದ ಕೆಲಸ ಮಾಡಿ ದಣಿದು ಮಲಗಿದ್ದಳು. ಅವಳ ಹಲಗೆ ಮೇಜಿನ ಮೇಲಿತ್ತು, ಇನ್ನೂ ಬೆಚ್ಚಗಿತ್ತು. ಮನೆಯಲ್ಲಿ ಎಲ್ಲರ ಆಯುಧಕ್ಕೂ ಪೂಜೆಯಾಗಿ ಮಗಳದ್ದಕ್ಕೆ ಇಲ್ಲದಿದ್ದರೆ ಹೇಗೆ? ಅದೂ ಇಂಥ ಹೊತ್ತಿನಲ್ಲಿ? ಕಲಶದ ನೀರಲ್ಲಿ ಎಲೆ ಅದ್ದಿ ಎಲ್ಲದರ ಮೇಲೂ ಚಿಮುಕಿಸಿದಂತೆ ಅದರ ಮೇಲೂ ಚಿಮುಕಿಸಿದೆ. ಗಂಧ ತೇಯ್ದು ನಾಲ್ಕೂ ಮೂಲೆಗೆ ಹಚ್ಚಿ ಕುಂಕುಮ ಇಟ್ಟು ಮೇಲೊಂದು ಹೂವು ಇರಿಸಿದೆ. ಮಗಳ ಕೆಲಸವಲ್ಲವೇ ಎಂದು ಗಂಧವನ್ನು ಕೊಂಚ ಧಾರಾಳವಾಗಿಯೇ ಹಚ್ಚಿದ್ದೆ. ಅದು ನೀರಿನ ಜೊತೆ ಇಳಿದು ವೈರಿನ ತೂತಿನೊಳಗೆ ಹೋಗುವುದನ್ನು ಕಣ್ಣಾರೆ ಕಂಡೆ. ಒಮ್ಮೆ ಚಿಟ್ ಅಂತ ಸದ್ದಾಯಿತು. ಗಾಜಿನೊಳಗಿನ ಪುಟ್ಟ ಬೆಳಕು ಆರಿತು.

ನಾನು ಮಾಡಿದ್ದು ಹೇಳುತ್ತೇನೆ. ಸೆರಗಿನಿಂದ ಒರೆಸಿದೆ. ಹೂವು ತೆಗೆದೆ. ಸುಮ್ಮನೆ ಅಡುಗೆಮನೆಗೆ ಹೋಗಿ ಹೋಳಿಗೆಗೆ ಕಣಕ ನಾದಿದೆ.

ಹನ್ನೊಂದಕ್ಕೆ ಸಹನಾ ಎದ್ದಳು. ವೈರು ತೆಗೆದು ಹಾಕಿದಳು, ಬೇರೆ ವೈರು ಸಿಗಿಸಿದಳು, ಊದಿದಳು, ಕಂಪ್ಯೂಟರ್ ಆರಿಸಿ ಹಚ್ಚಿದಳು. "ಸೆಕೆಗೆ ಹಿಂಗಾಗಿರಬೇಕು, ಏಸಿ ಬಂದ್ ಇತ್ತಲ್ಲ," ಅಂತ ತನಗೆ ತಾನೇ ಹೇಳಿಕೊಂಡಳು. ರಿಪೇರಿಯವನಿಗೆ ಫೋನು ಮಾಡಿದಳು. ಒಳಗಿನ ಭಾಗ ಬೇರೆ ದೇಶದಿಂದ ಬರಬೇಕು, ಎರಡು ವಾರ ಅಂದ. ಗೋಡೆಗೆ ಮುಖ ಮಾಡಿ ಕೂತಳು. ಹೋಳಿಗೆ ಕೊಟ್ಟರೆ "ಆಮ್ಯಾಲೆ ತಿಂತೀನಿ" ಅಂದಳು. ನಾನು ಆಗಲೂ ಬಾಯಿ ಬಿಡಲಿಲ್ಲ.

ಕೆಳಗಿನ ಮನೆಯ ವಾರಿಜಕ್ಕ ಮಂಗಳೂರಿನವರು, ಮುಚ್ಚಿ ಮಾತಾಡುವವರಲ್ಲ. ಹೋಳಿಗೆ ಕೊಡುವ ನೆಪ ಮಾಡಿ ಹೋಗಿ ಎಲ್ಲ ಹೇಳಿದೆ.

"ಎಂತ ಮಾರಾಯ್ತಿ! ಕರೆಂಟಿನ ವಸ್ತುವಿಗೆ ನೀರು ಚಿಮುಕಿಸುವುದಾ? ನಾವೂ ಆಯುಧ ಪೂಜೆ ಮಾಡ್ತೇವೆ, ಲ್ಯಾಪ್‌ಟಾಪಿಗೆ ಒಂದು ಹೂವು, ಖಲಾಸ್!"

"ತಪ್ಪಾತ್ರಿ ವಾರಿಜಕ್ಕಾ. ಈಗ ಏನ ಮಾಡ್ಲಿ?"

"ಮೊದಲು ಹೇಳಿಬಿಡು. ಅವಳು ತನ್ನ ತಪ್ಪು ಅಂತ ಎಣಿಸಿಕೊಂಡು ಕೂತಿದ್ದಾಳೆ, ಆ ಪಾಪ ಬೇರೆ ಕಟ್ಟಿಕೊಳ್ಬೇಡ."

ಸಂಜೆ ದೀಪಕ್ಕೆ ಎಣ್ಣೆ ಹಾಕಿದೆ. ಮೊಳಕೆಗಳು ಅಷ್ಟೆತ್ತರ ಬಂದು ಹಳದಿ ಹಸಿರಾಗಿ ನಿಂತಿದ್ದವು. ದೇವಿಯ ಮುಂದೆ ಕೂತು ಏನು ಬೇಡಿಕೊಳ್ಳಲಿ, ಮನೆಯೊಳಗೇ ಕಳ್ಳತನ ಇಟ್ಟುಕೊಂಡು? ಎದ್ದು ಹೋಗಿ ಮಗಳ ಹಾಸಿಗೆಯ ಅಂಚಿಗೆ ಕೂತೆ. ಎಲ್ಲಾ ಹೇಳಿದೆ. ಚಿಟ್ ಅಂದದ್ದನ್ನೂ, ಒರೆಸಿ ಬಚ್ಚಿಟ್ಟಿದ್ದನ್ನೂ.

ಅವಳು ಹಲಗೆಯನ್ನು ಮಡಿಲಿಗೆ ಎಳೆದುಕೊಂಡು ಅದರ ಮೂಲೆ ಉಜ್ಜಿ ನೋಡಿದಳು. ಆಮೇಲೆ, "ಕುಂಕುಮಾನೂ ಹಚ್ಚಿದ್ಯಾ?" ಅಂದಳು.

"ನಾಕೂ ಮೂಲೀಗೆ."

ನಗು ಬಂತೋ ಅಳು ಬಂತೋ, ದಿಂಬಿಗೆ ಮುಖ ಒತ್ತಿದಳು. ಭುಜ ಅಲುಗುತ್ತಿತ್ತು. ತಲೆ ಎತ್ತಿದಾಗ ಕಣ್ಣು ಕೆಂಪಗಿತ್ತು. "ಬೆಳಗ್ಗೇನ ಹೇಳಿದ್ದಿದ್ರ ಅರ್ಧ ದಿನ ಉಳೀತಿತ್ತಲ್ಲ ಅವ್ವಾ," ಅಂದಳು. ಅವಳು ಅಂದದ್ದು ಅಷ್ಟೇ. ಅಷ್ಟೇ ನನಗೆ ಇವತ್ತಿಗೂ ಚುಚ್ಚುತ್ತದೆ.

ಇವರು ಸೈಟಿನಿಂದ ಬಂದರು. ಬೂಟು ಬಿಚ್ಚುತ್ತಲೇ ಎಲ್ಲ ಕೇಳಿಸಿಕೊಂಡರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅಥವಾ "ಸರಿ ಆತು, ಭಾನುವಾರ ಆಫೀಸಿಗೆ ನಡಿ" ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಈ ಯಂತ್ರ ಬರೂ ಮೊದಲ ಅವ್ರು ಹೆಂಗ ಮಾಡ್ತಿದ್ರು?"

"ಕಾಗದದ ಮ್ಯಾಲೆ, ಅಪ್ಪಾಜಿ. ಈಗ್ಲೂ ಎಷ್ಟೋ ಮಂದಿ ಕಾಗದಾನ. ಆದ್ರ ಲೈಟ್ ಟೇಬಲ್ ಬೇಕು, ಕೆಳಗಿಂದ ಬೆಳಕು ಬಂದ್ರ ಹಿಂದಿನ ಹಾಳೆ ಕಾಣ್ತೈತಿ. ಮತ್ತ ಹಾಳೆ ಒಂದೂ ಅಲುಗಾಡಬಾರದು. ತೂತು ಮಾಡಿ ಮೊಳೆಗೆ ಸಿಗಿಸ್ತಾರ."

"ಅಲುಗಾಡಬಾರದು, ಹೌದಲ್ಲ? ಅದು ನನ್ನ ಕೆಲಸ," ಅಂದರು.

ನಮ್ಮ ಹಾಲಿನಲ್ಲಿ ಒಂದು ಗಾಜಿನ ಟೀಪಾಯಿ ಇದೆ. ಊರಿಗೆ ಹೊರಟ ಯಾರೋ ಕೊಟ್ಟು ಹೋದದ್ದು. ಕಾಲಿಗೆ ತಾಗುತ್ತದೆ ಅಂತ ನಾನು ಅದನ್ನು ದಿನಾ ಬೈಯುತ್ತಿದ್ದೆ. ಅದರ ಕೆಳಗೆ ಎಮರ್ಜೆನ್ಸಿ ಲೈಟು ಇಟ್ಟರು. ಮರುದಿನ ಸೈಟಿನ ಬಡಗಿಯ ಹತ್ತಿರ ತೆಳು ಪಟ್ಟಿ ಕೊಯ್ಯಿಸಿ, ಎರಡು ಸಣ್ಣ ಗೂಟ ಕೂರಿಸಿ ತಂದು, ಗಾಜಿಗೆ ಅಂಟಿಸಿದರು. ಆಫೀಸಿನ ಪಂಚಿಂಗ್ ಮೆಷಿನ್ನೂ ಬಂತು. ಹಾಳೆಗೆ ತೂತು ಹೊಡೆದು ಗೂಟಕ್ಕೆ ಸಿಗಿಸಿ, ಎಡಕ್ಕೆ ಬಲಕ್ಕೆ ಜಗ್ಗಿ ನೋಡಿ, "ಒಂದು ಎಂಎಂ ಅಲುಗಿದ್ರ ನನ್ನ ಹೆಸರ ಬ್ಯಾರೆ ಇಡು," ಅಂದರು.

ಮೂರು ದಿನ ಮಗಳು ನೆಲದ ಮೇಲೆ ಕೂತು ಟೀಪಾಯಿಗೆ ಬಗ್ಗಿ ಬರೆದಳು. ದೀಪ ಕಾಯುತ್ತಿದ್ದ ನಾನು ಈಗ ಲೈಟಿನ ಚಾರ್ಜನ್ನೂ ಕಾಯ್ದೆ. ಪೆನ್ಸಿಲ್ ಚೂಪು ಮಾಡಿ ಕೊಟ್ಟೆ, ಹಾಳೆಗೆ ಅಂಕಿ ಹಾಕಿದೆ. ಬನ್ನಿ ಹಬ್ಬದ ದಿನ ಬಂದವರೆಲ್ಲ ಟೀಪಾಯಿ ಸುತ್ತ ನಿಂತು ನೋಡಿ, ಅವಳ ಕೈಗೆ ಬನ್ನಿ ಎಲೆ ಕೊಟ್ಟು, ಅವಳ ಬೆರಳಿನ ಸೀಸದ ಕಪ್ಪು ತಮ್ಮ ಕೈಗೆ ಹತ್ತಿಸಿಕೊಂಡು ಹೋದರು. ಗುರುವಾರ ಬೆಳಿಗ್ಗೆ ಕಿಟಕಿ ತೆರೆದೆ. ಆ ವರ್ಷ ಮೊದಲ ಸಲ ಮುಖಕ್ಕೆ ಬಿಸಿಯಲ್ಲದ ಗಾಳಿ ಬಡಿಯಿತು.

ಶುಕ್ರವಾರ ಮಧ್ಯಾಹ್ನಕ್ಕೆ ನಲವತ್ತೆರಡೂ ಮುಗಿದವು. ಅವನ್ನು ಸ್ಕ್ಯಾನ್ ಮಾಡಿ ಕಳಿಸಬೇಕು. ನಮಾಜು ಮುಗಿದು ಅಂಗಡಿಗಳು ತೆರೆಯುವ ಹೊತ್ತಿಗೆ ಇವಳನ್ನು ಕರೆದುಕೊಂಡು ಬೀದಿಯ ಟೈಪಿಂಗ್ ಸೆಂಟರಿಗೆ ಹೋದೆ. ವೀಸಾದ ಅರ್ಜಿಗಳನ್ನು ಅರಬ್ಬಿಯಲ್ಲಿ ಟೈಪು ಮಾಡಿ ಕೊಡುವ ಅಂಗಡಿ ಅದು. ಅಲ್ಲಿಯ ಬಿಂದು ಕೇರಳದವಳು. ಹಾಳೆಗಳನ್ನು ನೋಡಿ ಕಣ್ಣರಳಿಸಿದಳು.

"ಚೇಚಿ, ಯೇ ಕೌನ್ಸಾ ವೀಸಾ ಹೈ?" ಅಕ್ಕಾ, ಇದು ಯಾವ ವೀಸಾ ಅಂತ.

"ಸಿನಿಮಾ ವೀಸಾ, ಬಿಂದು. ಜಪಾನ್ ಜಾನಾ ಹೈ." ಜಪಾನಿಗೆ ಹೋಗಬೇಕು ಅಂದೆ ನಾನು.

ಒಂದೊಂದೇ ಹಾಳೆಯನ್ನು ಮೂಲೆಗೆ ಸರಿಯಾಗಿ ಹೊಂದಿಸಿ ಗಾಜಿನ ಮೇಲೆ ಇಟ್ಟಳು. ಸಾಲಿನಲ್ಲಿ ನಮ್ಮ ಹಿಂದೆ ಬಿಳಿ ತೋಬ್, ಅಂದರೆ ಅರಬರ ಉದ್ದನೆ ನಿಲುವಂಗಿ, ತೊಟ್ಟ ಅಜ್ಜ ಒಬ್ಬರು ಕಾಯುತ್ತಿದ್ದರು. ತಡವಾಯಿತೆಂದು ಸಿಡುಕುತ್ತಾರೇನೋ ಅಂತ ನನಗೆ ಹೆದರಿಕೆ. ಅವರು ಸ್ಕ್ಯಾನ್ ಆದ ಹಾಳೆಗಳ ಕಟ್ಟನ್ನು ಎತ್ತಿಕೊಂಡು, ನೋಟು ಎಣಿಸುವವರ ಹಾಗೆ ಹೆಬ್ಬೆರಳಿಂದ ಸರ್ರನೆ ಬಿಟ್ಟರು. ಹಾಳೆಯೊಳಗೆ ಮುದುಕಿ ಬಗ್ಗಿದಳು, ಉಸಿರು ಹಿಡಿದಳು, ಎತ್ತಿದಳು. ಅಜ್ಜ ಇನ್ನೊಮ್ಮೆ ಬಿಟ್ಟರು. "ಮಾಶಾಅಲ್ಲಾ," ಅಂತ ಮೆಚ್ಚಿಕೊಂಡರು, ಮತ್ತು ತಮ್ಮ ಅರ್ಜಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಪೂರ್ತಿ ಮುಗಿಯುವ ತನಕ ಕಾದರು.

ಕಳಿಸಿದೆವು. ಶನಿವಾರ ಉತ್ತರವಿಲ್ಲ.

ಸಿನಿಮಾ ಮುಗಿಸುವ ಅವಸರಕ್ಕೆ ಜಪಾನಿನಲ್ಲಿ ಭಾನುವಾರವೂ ಕಚೇರಿ ತೆರೆಯುತ್ತಿತ್ತಂತೆ. ಭಾನುವಾರ ಬೆಳಿಗ್ಗೆ ನಾಲ್ಕಾಯಿತು, ನಾಲ್ಕೂವರೆಯಾಯಿತು. ಸಹನಾ ಮಾತಿಗೆ ತಪ್ಪುವವಳಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲು ಕಟ್ಟಿ, ಚಪ್ಪಲಿ ಬಿಟ್ಟು ಒಂದು ಕಾಲಿಗೆ ಬೂಟು ಏರಿಸಿದಳು. ನಾನು ಎರಡು ಡಬ್ಬಿಗೆ ಚಪಾತಿ ಪಲ್ಯ ಕಟ್ಟಿದೆ. ಇವರು ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಗಡಿಯಾರ ನೋಡುತ್ತಿದ್ದರೇ ಹೊರತು "ಯಲ್ಲಾ, ನಡೀರಿ" ಅನ್ನುತ್ತಿರಲಿಲ್ಲ. ದಿನಾ ನೂರು ಸಲ ಅನ್ನುವವರು. ಒಳಗೆ ಹೋಗಿ ನೀರಿನ ಬಾಟ್ಲಿ ತಂದರು, ಮತ್ತೆ ಹೋಗಿ ಕನ್ನಡಕ ತಂದರು. ಮೂಗಿನ ಮೇಲೆ ಆಗಲೇ ಒಂದು ಕನ್ನಡಕ ಇತ್ತು.

ಫೋನು ಟಿಂಗ್ ಅಂತು.

ಅವಳು ಒಂದು ಬೂಟಿನಲ್ಲೇ ನಿಂತು ಓದಿದಳು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಎರಡು ಚಿತ್ರಕ್ಕೆ ಮಾತ್ರ ಹಳದಿ ಹಾಳೆ ಇದೆ, ಉಳಿದದ್ದು ಹಾಗೇ ಇರಲಿ. ಮುದುಕಿ ಎತ್ತುವ ಮುಂಚೆ ಬಟ್ಟೆಯ ಅಂಚು ಸೊಂಟಕ್ಕೆ ಸಿಗಿಸುವುದನ್ನು ದಯವಿಟ್ಟು ಬದಲಿಸಬೇಡಿ. ಇನ್ನು ಆರು ಕಟ್ ಉಳಿದಿವೆ, ತೆಗೆದುಕೊಳ್ಳುತ್ತೀರಾ? ಪೆನ್ಸಿಲಿನಲ್ಲಾದರೂ ಅಡ್ಡಿಯಿಲ್ಲ.

ನಾನು ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದೆ. ಇವರು ನನ್ನತ್ತ ಕೈ ಚಾಚಿದರು. "ಆ ಡಬ್ಬೀನೂ ನನಗ ಕೊಡು," ಅಂದರು ನನಗೆ. "ಇವತ್ತ ಎರಡ್ ಊಟ ಮಾಡ್ತೇನಿ. ಆಫೀಸ್ನಾಗ ನಾ ಹೇಳ್ತೇನಿ, ನನ್ನ ಮಗಳಿಗೆ ಬ್ಯಾರೆ ಕೆಲಸ ಐತಿ ಅಂತ."

ಮೆಟ್ಟಿಲು ಇಳಿಯುತ್ತ ತಿರುಗಿ, "ಗಾಜು ಒರೆಸೂವಾಗ ಪಟ್ಟೀಗೆ ನೀರು ತಾಗಿಸಬ್ಯಾಡ, ಮತ್ತ ಪೂಜೆ ಮಾಡಿಬಿಟ್ಟೀ," ಅಂದರು. ಈ ಮಾತು ನನಗೆ ಇನ್ನು ಹತ್ತು ವರ್ಷ ತಪ್ಪಿದ್ದಲ್ಲ ಅಂತ ಆಗಲೇ ಗೊತ್ತಾಯಿತು.

ಚಳಿಗಾಲದಲ್ಲಿ ಜಪಾನಿನವರು, ಕೊನೆಯಲ್ಲಿ ಹಾಕುವ ಹೆಸರು ಹೀಗಿರುತ್ತದೆ, ಸರಿಯೇ ಅಂತ ಅವಳ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆದು ಕಳಿಸಿದರು. ಮೂರೇ ಅಕ್ಷರ. ಅವಳು ಅದನ್ನು ಒಂದು ಹಳದಿ ಚೀಟಿಗೆ ಬರೆದು ಕೊಟ್ಟಳು, ನಾನು ದೇವರ ಗೂಡಿನ ಪಕ್ಕಕ್ಕೆ ಅಂಟಿಸಿದೆ. ದಿನಾ ದೀಪ ಹಚ್ಚುವಾಗ ಅದನ್ನು ನೋಡುತ್ತಿದ್ದೆ. ಇವರೂ ಸೈಟಿಗೆ ಹೊರಡುವ ಮುಂಚೆ ಅಲ್ಲಿ ನಿಂತು ಕೈ ಮುಗಿಯುತ್ತಾರೆ. ಅವರು ಚೀಟಿ ನೋಡುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಮುಂದಿನ ಬೇಸಿಗೆಗೆ ಆ ಸಿನಿಮಾ ದೋಹಾದ ಮಾಲಿಗೆ ಬಂತು. ಮೂವರೂ ಹೋದೆವು, ವಾರಿಜಕ್ಕನೂ ಬಂದರು. ಕತೆ ನನಗೆ ಅರ್ಧ ತಿಳಿಯಿತು, ಅರ್ಧ ಗದ್ದಲದಲ್ಲಿ ಹೋಯಿತು. ಆದರೆ ಹುಡುಗಿ ನೀರಿಗೆ ಬಿದ್ದಾಗ ನನ್ನ ಕೈ ತಾನಾಗಿ ಮಗಳ ಕೈ ಹಿಡಿಯಿತು. ಅಷ್ಟೆತ್ತರದ ಪರದೆಯ ಮೇಲೆ ಮುದುಕಿ ದೋಣಿಯ ಅಂಚಿಗೆ ಬಂದಳು. ಬಟ್ಟೆಯ ತುದಿ ಎಳೆದು ಎಡಸೊಂಟಕ್ಕೆ ಸಿಗಿಸಿದಳು. ಬಲಗಾಲು ಹಿಂದೆ ಸರಿಸಿದಳು. ನಿಂತಳು. ಎತ್ತಿದಳು.

"ಅಯ್ಯೋ, ಇದು ನೀನೇ ಅಲ್ವಾ ಮಾರಾಯ್ತಿ!" ಅಂತ ವಾರಿಜಕ್ಕ ಜೋರಾಗಿ ಅಂದರು. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

ಸಿನಿಮಾ ಮುಗಿದು ದೀಪ ಹತ್ತಿದವು. ಜನ ಎದ್ದು ಹೊರಟರು, ನಾವು ಕೂತೇ ಇದ್ದೆವು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಮಳೆ ಮೇಲಕ್ಕೆ ಸುರಿದ ಹಾಗೆ ಏರತೊಡಗಿದವು, ನೂರಾರು ಹೆಸರು, ಒಂದೂ ಓದಲು ಬಾರದು. ನನಗೆ ಎದೆ ತುಂಬಿ ಬಂತು. ಬನಶಂಕರಿ, ತಾಯೀ, ಅಂತ ಕಣ್ಣು ಮುಚ್ಚಿ ಕೈ ಮುಗಿದೆ.

"ಅಗೋ! ಅಲ್ಲಿ, ಅಲ್ಲಿ, ಬಲಕ್ಕ!" ಎದ್ದು ನಿಂತು ಬೆರಳು ತೋರಿಸಿದವರು ಇವರು. ಮಗಳಿಗಿಂತ ಮುಂಚೆ ಇವರಿಗೇ ಕಂಡಿತ್ತು. ಚಳಿಗಾಲದಿಂದ ದಿನಾ ಆ ಮೂರು ಅಕ್ಷರ ನೋಡುತ್ತಲೇ ಇವರು ಸೈಟಿಗೆ ಹೊರಟಿದ್ದರು ಅಂತ ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ.

ನಾನು ಕಣ್ಣು ಬಿಡುವಷ್ಟರಲ್ಲಿ ಹೆಸರು ಮೇಲೆ ಹೋಗಿಬಿಟ್ಟಿತ್ತು.

ಇವರು ಹಣೆ ಚಚ್ಚಿಕೊಂಡರು. ಸಹನಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಇವರು ಹೊರಗೆ ಹೋಗಿ ಮರುದಿನದ ಟಿಕೀಟು ತಂದರು, ನನಗೂ ತಮಗೂ ಮಾತ್ರ.

ಮರುದಿನ ಮತ್ತೆ ಹೋದೆವು. ಕೊನೆಗೆ ಹೆಸರುಗಳು ಏರತೊಡಗಿದಾಗ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡೆ. ಕಣ್ಣು ಮುಚ್ಚಲಿಲ್ಲ. ದೇವಿಗೆ ಆಮೇಲೆ ಮುಗಿದರಾಯಿತು ಅಂದುಕೊಂಡೆ, ಅವಳಿಗೂ ಮಕ್ಕಳಿದ್ದಾರೆ, ತಿಳಿದುಕೊಳ್ಳುತ್ತಾಳೆ. ಬಲಗಡೆಯ ಸಾಲಿನಲ್ಲಿ, ಕೆಳಗಿನಿಂದ, ಆ ಮೂರು ಅಕ್ಷರ ಬಂದವು. ಪರದೆಯ ತುದಿ ಮುಟ್ಟುವ ತನಕ ನೋಡಿದೆ.